ಹದಿನೇಳನೆಯ ಪುಟದ ಗೀಟು

ಮದಲೇನ್ ತಮ್ಮ ನಾಟಕಗಳ ಹಸ್ತಪ್ರತಿಯಲ್ಲಿ ನಗು ಬರಬೇಕಾದ ಕಡೆಯೆಲ್ಲ ಅಂಚಿನಲ್ಲಿ ಸಣ್ಣ ಗೀಟು ಹಾಕುತ್ತಿದ್ದರು. ಮೊದಲು ಪೆನ್ಸಿಲಿನಲ್ಲಿ. ಪ್ರೇಕ್ಷಕರು ನಿಜವಾಗಿ ನಕ್ಕ ಮೇಲೆ ಅದರ ಮೇಲೆಯೇ ಶಾಯಿ. ಅವರು ಪ್ಯಾರಿಸ್ಸಿನಲ್ಲಿ ಬರೆದ ಹನ್ನೊಂದು ನಾಟಕಗಳಲ್ಲಿ ಪೆನ್ಸಿಲಿನಲ್ಲೇ ಉಳಿದ ಗೀಟು ಒಂದೇ: ಮೊದಲ ನಾಟಕದ ಹದಿನೇಳನೆಯ ಪುಟದ್ದು.

ಆ ಪುಟದಲ್ಲಿ, ಊಟಕ್ಕೆ ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ನಾಲ್ಕು ಸಲ ಹೊರಟೆ ಎನ್ನುತ್ತಾಳೆ, ಹೊರಡುವುದಿಲ್ಲ. ಅಷ್ಟೇ. ಮೊದಲ ಪ್ರದರ್ಶನದಲ್ಲಿ ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು. ನಾಟಕ ಒಂದೇ ವಾರಕ್ಕೆ ನಿಂತಿತು. ಆ ಪುಟ ಕಿತ್ತುಹಾಕಿ ಎಂದು ನಿರ್ದೇಶಕ ಹೇಳಿದರೂ ಅವರು ಕೀಳಲಿಲ್ಲ. "ಆ ಕೆಮ್ಮು ನನಗೆ ಇನ್ನೂ ಕೇಳಿಸುತ್ತೆ," ಎಂದು ಫ್ರೆಂಚ್ ಬೆರೆತ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಇಳಿವಯಸ್ಸಿನಲ್ಲಿ ಮಗಳ ಜೊತೆಗಿರಲು ಅಮೆರಿಕದ ಕರ್ಕ್‌ಲ್ಯಾಂಡಿಗೆ ಬಂದು, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎದುರು ಬಾಗಿಲಿನ ಮನೆಯಲ್ಲಿದ್ದರು. ಲಿಫ್ಟಿನಲ್ಲಿ ಯಾರಾದರೂ ಫೋನಿನಲ್ಲಿ ಮಾತಾಡುತ್ತಿದ್ದರೆ ಕಣ್ಣು ಮುಚ್ಚಿ ಕೇಳುವರು. ಇಳಿದ ಮೇಲೆ ನನ್ನ ಕಿವಿಯಲ್ಲಿ, "ಸುಳ್ಳು ಹೇಳ್ತಿದಾನೆ, ವಸುಧಾ. ಉಸಿರು ತಪ್ಪಾದ ಜಾಗದಲ್ಲಿ ಬಂತು," ಎನ್ನುವರು.

ಒಂದು ಭಾನುವಾರ ನಮ್ಮ ಕನ್ನಡ ನಾಟಕ ತಂಡದ ಶೈಲಕ್ಕ ಊಟಕ್ಕೆ ಬಂದಿದ್ದರು. ಗದಗಿನವರು. ಹೊರಡುವಾಗ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಬಾಗಿಲಲ್ಲೇ ಮುಕ್ಕಾಲು ಗಂಟೆ ಮಾತಾಡಿದರು. ಎದುರು ಬಾಗಿಲು ಒಂದು ಗೇಣು ತೆರೆದದ್ದನ್ನು ನಾನು ನೋಡಿದೆ. ಮದಲೇನ್ ಹಸ್ತಪ್ರತಿ ಎದೆಗವಚಿಕೊಂಡು ಹೊರಬಂದರು.

"ಇವಳು ಯಾರು? ನನ್ನ ಪುಟದಿಂದ ಎದ್ದು ಬಂದಿದಾಳೆ!"

ಆ ಪುಟದ ದೃಶ್ಯವನ್ನು ನಾನು ವಿವರಿಸಿದಾಗ ಶೈಲಕ್ಕ ಬೆರಗಾದರು. "ಅಯ್ಯ, ಇದೇನ್ ನಾಟಕರೀ? ನಮ್ಮನ್ಯಾಗ ದಿನಾ ಇದ ನಡೀತದ!"

ಮದಲೇನರ ಹೃದಯ ಆಗಲೇ ಸೋತಿತ್ತು. ಹೆಚ್ಚು ದಿನವಿಲ್ಲ ಎಂದು ವೈದ್ಯರು ಹೇಳಿದ್ದರು. "ಆ ನಗು ಒಂದು ಸಲ ಕೇಳಿಬಿಡಬೇಕು," ಎಂದರು. ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಂತೆ ನಾನು ನಾಟಕವನ್ನು ಕನ್ನಡಕ್ಕೆ ತಂದೆ.

ಎಜುಕೇಶನ್ ಹಿಲ್ ಬಡಾವಣೆಯ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ತಂಡದ ಪ್ರದರ್ಶನ. ಕೊನೆಯ ಸಾಲಿನಲ್ಲಿ ಅವರ ಗಾಲಿಕುರ್ಚಿ, ತೊಡೆಯ ಮೇಲೆ ಹಸ್ತಪ್ರತಿ, ಪಕ್ಕದಲ್ಲಿ ನಾನು. ಶೈಲಕ್ಕ ಮೊದಲ ಸಲ "ಬರ್ತೀನ್ರೀ" ಎಂದರು. ಮೌನ. ಎರಡನೆಯ ಸಲ ಯಾರೋ ಕೆಮ್ಮಿದರು. ಮದಲೇನ್ ನನ್ನ ಮಣಿಕಟ್ಟು ಹಿಡಿದರು. ಉಗುರು ಚರ್ಮದೊಳಗೆ ಇಳಿಯಿತು. ಮೂರನೆಯ ಸಲಕ್ಕೆ ಶೈಲಕ್ಕ ಒಂದೇ ಶೂ ಹಾಕಿಕೊಂಡು ಹಿಂದಿರುಗಿ, "ಅಂದಂಗ, ನಿಮ್ಮ ತಂಗೀ ಮಗಳದು ಏನಾತು?" ಎಂದರು. ಮುಂದಿನ ಸಾಲಿನಲ್ಲಿ ಗಂಡನೊಬ್ಬ ಹೆಂಡತಿಯ ಕಡೆ ತಿರುಗಿದ. ಆಕೆ ಅವನ ತೋಳಿಗೆ ಹೊಡೆದು ನಕ್ಕಳು. ನಾಲ್ಕನೆಯ ಸಲ ಇಡೀ ಸಭೆ ಎಷ್ಟು ನಕ್ಕಿತೆಂದರೆ ಶೈಲಕ್ಕನ ಮಾತು ನನಗೆ ಕೇಳಿಸಲೇ ಇಲ್ಲ. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಕೂಡ ಅಮ್ಮಂದಿರನ್ನು ತೋರಿಸಿ ತೋರಿಸಿ ನಗುತ್ತಿದ್ದರು.

ಮದಲೇನ್ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದು, ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದರು. ಗೆದ್ದ ಹುಡುಗಿಯ ಮುಖ ಅದು.

ಎಂಟು ದಿನಗಳ ನಂತರ ನೋಡಲು ಹೋದೆ. ಮಲಗಿದ್ದರು. ಹೊರಡುತ್ತೇನೆ ಎಂದೆ, ನೀರು ಬೇಕೇ ಎಂದು ಕೇಳಲು ಹಿಂದಿರುಗಿದೆ. ಮತ್ತೆ ಹೊರಟೆ, ಹೊದಿಕೆ ಸರಿಪಡಿಸಲು ಬಂದೆ. ಮೂರನೆಯ ಸಲ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ಒಳಗೆ ನೋಡಿದರೆ, ಅವರು ದಿಂಬಿನ ಮೇಲಿಂದ ಮೂರು ಬೆರಳು ಎತ್ತಿ ಹಿಡಿದಿದ್ದರು.

"ನಾಲ್ಕನೆಯದು ನಾಳೆ, ಮದಾಂ," ಎಂದೆ.

ಅವರು ಗಟ್ಟಿಯಾಗಿ ನಕ್ಕರು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದರು. ನಾಲ್ಕನೆಯದು ಇನ್ನೂ ನನ್ನ ಹತ್ತಿರವೇ ಇದೆ.