ಎಡಗಣ್ಣಿನ ಕೆಂಪು

ಶ್ರೀರಂಗಪಟ್ಟಣದ ತರಬೇತಿಯಲ್ಲಿ ನನ್ನ ಮುಂದೆ ಇಟ್ಟದ್ದು ತ್ರೀಡಿ ಪ್ರಿಂಟರಿನಲ್ಲಿ ಅಚ್ಚಾದ ಹಸುಗೂಸಿನ ತಲೆ. ಟಾರ್ಚಿನಂಥ ಉಪಕರಣದಿಂದ ಅದರ ಕಣ್ಣೊಳಗೆ ಬೆಳಕು ಬಿಟ್ಟರೆ ಪಾಪೆ ಕೆಂಪಗೆ ಹೊಳೆಯಬೇಕು. ಬೆಳ್ಳಗೆ ಕಂಡರೆ ಒಳಗೆ ಪೊರೆಯೋ ಗಡ್ಡೆಯೋ ಇರಬಹುದು. ಹನ್ನೆರಡು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಡಾಕ್ಟರಾಗಿರುವ ನನಗೆ ಪ್ಲಾಸ್ಟಿಕ್ ಗೊಂಬೆ ಪಾಠ ಹೇಳುವುದೇ ಎಂದು ಒಳಗೊಳಗೇ ಉರಿದುಹೋಗಿತ್ತು. ಒಂದು ಕ್ಷಣ ಬೆಳಕು ಬಿಟ್ಟು, "ಎರಡೂ ಕೆಂಪು" ಎಂದೆ.

ಕಲಿಸುತ್ತಿದ್ದ ಮೇಡಂ ಗೊಂಬೆಯ ತಲೆಯ ಹಿಂಭಾಗ ಬಿಚ್ಚಿ ತೋರಿಸಿದರು. ಎಡಗಣ್ಣಿನೊಳಗೆ ಬಿಳಿ ಬಿಲ್ಲೆ ಇತ್ತು. "ನೋಡಿ ಹೇಳಿದ್ರಾ, ಅಭ್ಯಾಸಬಲದಿಂದ ಹೇಳಿದ್ರಾ?" ಎಂದರು.

ಮೊದಲು ಸಿಟ್ಟು ಬಂತು, ಆಮೇಲೆ ಭಯ. ಹತ್ತು ದಿನದ ಹಿಂದೆ ಮನೆಗೆ ಕಳಿಸಿದ್ದ ಕ್ಯಾತನಹಳ್ಳಿಯ ಮಗು ನೆನಪಾಯಿತು. ಟ್ಯೂಬ್‌ಲೈಟಿನ ಕೆಳಗೆ ಅದು ಕಣ್ಣೇ ಬಿಟ್ಟಿರಲಿಲ್ಲ. ರಾಹುಕಾಲಕ್ಕೆ ಮುಂಚೆ ಮನೆ ಸೇರಬೇಕು ಎಂದು ಮನೆಯವರು ತಲೆ ತಿನ್ನುತ್ತಿದ್ದರು. ಕಾರ್ಡಿನಲ್ಲಿ 'ಕಣ್ಣು ಸರಿಯಿದೆ' ಎಂದು ಗೀಚಿ ಕಳಿಸಿಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಕ್ಯಾತನಹಳ್ಳಿಗೆ ಹೋದೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು. ಈ ಕತ್ತಲೆಯ ವಿಷಯಕ್ಕೆ ನಾನು ಬೈಯದ ಮನೆಯಿಲ್ಲ. ಅಂದೂ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯ ತೊಡೆಯ ಮೇಲಿದ್ದ ಮಗು ಎರಡೂ ಕಣ್ಣು ಅರಳಿಸಿಕೊಂಡು ನೋಡುತ್ತಿರುವುದು ಕಂಡಿತು. ನನ್ನ ಪರೀಕ್ಷೆಗೆ ಬೇಕಾಗಿದ್ದದ್ದೂ ಇದೇ ಕತ್ತಲು. ಬೈಗುಳ ನುಂಗಿ, ತಂದಿದ್ದ ಉಪಕರಣ ಹಿಡಿದು ಕೂತೆ.

ಬಲಗಣ್ಣು ಕೆಂಪು. ಎಡಗಣ್ಣಿಗೆ ಬಂದೆ. ಮಗು ಮುಖ ತಿರುಗಿಸಿತು. ಗೊಂಬೆ ಇಂಥ ಆಟ ಕಟ್ಟಿರಲಿಲ್ಲ. ಕಾದೆ. ಮತ್ತೆ ನನ್ನ ಕಡೆ ತಿರುಗಿತು. ಕೆಂಪು, ಬಲಗಣ್ಣಿನಷ್ಟೇ ಕೆಂಪು. ಮೂರು ಸಲ ನೋಡಿದೆ. ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು. ಅಳು ಬಂತು, ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ.

"ಏನಾರ ಅದಾ ಡಾಕ್ಟ್ರಮ್ಮ?" ಅಜ್ಜಿ ಕೇಳಿದರು.

"ಏನೂ ಇಲ್ಲ ಅಜ್ಜಿ. ಎರಡೂ ಕಣ್ಣು ಚೆನ್ನಾಗಿವೆ."

"ಅವತ್ತೂ ಅಂಗೇ ಬರ್ದುಕೊಟ್ಟಿದ್ರಲ್ಲ. ಮತ್ಯಾಕೆ ಇಲ್ಲಿಗಂಟ ಬಂದ್ರಿ?"

ಹಾರಿಕೆಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ನಿಜವನ್ನೇ ಹೇಳಿದೆ. "ಅವತ್ತು ನೋಡಿರ್ಲಿಲ್ಲ ಅಜ್ಜಿ. ನೋಡ್ದೇನೇ ಬರೆದೆ."

ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಅಜ್ಜಿ ಮಗುವಿಗೆ ಕುಲಾವಿ ಕಟ್ಟಿ ಮುಗಿಸಿದರು.

"ಬುಡಿ, ಬಂದ್ರಲ್ಲ," ಎಂದರು. ಮಗುವನ್ನು ತಾಯಿಯ ಪಕ್ಕ ಮಲಗಿಸಿ ಎದ್ದು ನಿಂತರು. "ಹಿಂದ್ಲ ಮನೇಲೂ ಒಂದು ಕೂಸದೆ, ನಿಮ್ಮಾಸ್ಪತ್ರೇಲೇ ಹುಟ್ಟಿದ್ದು. ಅದ್ನೂ ನೋಡ್ಬುಟ್ಟು ಓಗಿ."

ಆ ಕೂಸಿನ ಕಣ್ಣು ನೋಡಿದ್ದೆನೋ ಇಲ್ಲವೋ, ಎದೆ ಮುಟ್ಟಿಕೊಂಡು ಹೇಳಲು ನನ್ನಿಂದಾಗಲಿಲ್ಲ. ಅಜ್ಜಿಯ ಹಿಂದೆ ಹೊರಟೆ.