ಪಾಂಡವರ ಸಾಲಿನಲ್ಲಿ ಕೂತ ಕಲ್ಲು

ಔರಾದ ತಾಲ್ಲೂಕಿನ ಮಾಂಜ್ರಾ ದಂಡೆಯ ಹಳ್ಳಿಯವಳು ಸಖುಬಾಯಿ. ಕುರಿ ಮೇಯಿಸಲು ಹೋದವಳು ಸಂಜೆ ಮರಳುವಾಗ ಮಡಿಲಲ್ಲಿ ಒಂದಾದರೂ ಕಲ್ಲು ಇರುತ್ತಿತ್ತು. "ಇದು ಮನಿ ಅಲ್ಲ, ಕಲ್ಲ ಒಡಿಯೂ ಖಡಿ ಮಷೀನ" ಎಂದು ಗಂಡ ವೈಜಿನಾಥ ಕಾಡುತ್ತಿದ್ದ. ಅವಳು ಕಿವಿಗೊಡುತ್ತಿರಲಿಲ್ಲ. ಯಾವ ಕಲ್ಲಿನಲ್ಲಿ ಗುಡ್ಡವಿದೆ, ಯಾವುದರಲ್ಲಿ ಕೆರೆಯಿದೆ ಎಂಬುದು ಅವಳಿಗೆ ಕಂಡ ಕೂಡಲೇ ತಿಳಿಯುತ್ತಿತ್ತು.

ಈ ಹುಚ್ಚು ಹತ್ತಿದ್ದು ಬೀದರಿನಲ್ಲಿ. ಮಗಳ ಮದುವೆಗೆ ಮಂಚ ಮಾಡಿಸಲು ಅಬ್ದುಲ ಸಮದನ ಕಟ್ಟಿಗೆ ಅಂಗಡಿಗೆ ಹೋದಾಗ, ಮರದ ಪೀಠದ ಮೇಲೆ ಕೂರಿಸಿದ ಒಂದು ಕಲ್ಲು ಕಂಡಳು. ಥೇಟ್ ಗುಡ್ಡ. "ಇಂಥಾವು ನಮ್ಮ ಹಳ್ಳದಾಗ ಬೇಕಾದಷ್ಟು ಅವ" ಅಂದಳು. "ಹಂಗಾದ್ರ ತರ್ರಿ ಅಕ್ಕಾ. ಕಡಿಬ್ಯಾಡ್ರಿ, ತಿಕ್ಕಿ ನುಣ್ಣಗ ಮಾಡಬ್ಯಾಡ್ರಿ, ಬಣ್ಣ ಹಚ್ಚಬ್ಯಾಡ್ರಿ. ಸಿಕ್ಕಂಗ ತರ್ರಿ" ಎಂದ ಸಮದ. ಅಂದಿನಿಂದ ಅವಳು ತಂದ ಕಲ್ಲಿಗೆಲ್ಲ ಪೀಠ ಕೆತ್ತಿಕೊಡುವವನು ಅವನೇ. ಅವನೂ ಅವನ ಗೆಳೆಯರೂ ವರ್ಷಕ್ಕೊಮ್ಮೆ ಬೀದರಿನಲ್ಲಿ ಗುಡ್ಡ, ಕೆರೆಯಂತೆ ಕಾಣುವ ಇಂಥ ಕಲ್ಲುಗಳ ಪ್ರದರ್ಶನ ಇಡುತ್ತಾರೆ. ಈ ಸಲ ಸಖುಬಾಯಿಯ ಕಲ್ಲೂ ಒಂದು ಬೇಕು ಎಂದು ಕೇಳಿದ್ದ.

ಯಾವುದೆಂದು ಅವಳು ಆಗಲೇ ಆರಿಸಿ, ಸಮದನಿಗೆ ತೋರಿಸಿ ಪೀಠದ ಅಳತೆಯನ್ನೂ ಕೊಟ್ಟಿದ್ದಳು. ಕರೀ ಕಲ್ಲು, ತಲೆ ಸಪಾಟು, ಒಂದು ಕಡೆ ಇಳಿಜಾರು. ಆ ಇಳಿಜಾರಿನಲ್ಲಿ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ. ನೀರು ಚಿಮುಕಿಸಿದರೆ ಮಳೆಗಾಲದ ಹಳ್ಳ ಧುಮುಕಿದಂತೆ ಹೊಳೆಯುತ್ತಿತ್ತು. ಹೊಲದ ಗುಡಿಸಲಿನಲ್ಲಿ ನಾಲ್ಕಾರು ಕಲ್ಲುಗಳ ಜೊತೆ ಅದನ್ನು ಜೋಪಾನವಾಗಿ ಇಟ್ಟಿದ್ದಳು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಜೋಳದ ದಂಟಿನ ಕೊಂಪೆ ಹಾಕಿ, ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜೆ ಮಾಡುವ ಹಬ್ಬ. ಆ ಕೆಲಸಕ್ಕೆ ವೈಜಿನಾಥ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದ. ಭಜ್ಜಿ, ರೊಟ್ಟಿ, ಅಂಬಲಿಯ ಬುಟ್ಟಿ ಹೊತ್ತು ಬಂದ ಸಖುಬಾಯಿ ಕೊಂಪೆಯ ಮುಂದೆ ನಿಂತೇಬಿಟ್ಟಳು. ಐದೂ ಕಲ್ಲಿಗೆ ಸುಣ್ಣ ಬಳಿದು ಕುಂಕುಮ ಇಟ್ಟಿತ್ತು.

"ಯಾವ ಕಲ್ಲ ಇಟ್ಟೀರಿ?"

"ನಿನ್ನವೇ. ವರ್ಷಾ ಬದುವಿನ ಅಡ್ನಾಡಿ ಕಲ್ಲ ಇಡ್ತಿದ್ದೆ. ಈ ಸಲ ಪಾಂಡವರು ಚಂದ ಕಾಣ್ಲಿ ಅಂದೆ."

"ಬೀದರಕ್ಕ ಹೋಗೂದು ಎಲ್ಲದ?"

ವೈಜಿನಾಥ ನಡುವಿನ ಕಲ್ಲು ತೋರಿಸಿದ. "ಅದು ಭೀಮ. ಎಲ್ಲಾದಕ್ಕೂ ದಪ್ಪ ಅದಲ್ಲ."

ಬಿಳಿ ಗೆರೆ ಸುಣ್ಣದಡಿ ಕಾಣೆಯಾಗಿತ್ತು. ಸಖುಬಾಯಿ ಸೆರಗು ಸಿಕ್ಕಿಸಿಕೊಂಡಳು. ಕೂರಿಸಿದ ಪಾಂಡವನನ್ನು ಪೂಜೆಗೆ ಮೊದಲು ಎಬ್ಬಿಸುವಂತಿಲ್ಲ. ಆರತಿ ಎತ್ತಿದಳು, ಎಡೆ ಹಿಡಿದಳು, ಅದನ್ನೇ ಹೊಲದ ತುಂಬ ಚರಗವಾಗಿ ಚೆಲ್ಲಿದಳು. ಎಲ್ಲರ ಊಟ ಮುಗಿದು ಹೊತ್ತು ಇಳಿದ ಮೇಲೆ ಭೀಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಪೂಜಿ ಆದ ಕಲ್ಲ ತೊಳಿತೀಯೇನು?" ವೈಜಿನಾಥ ಎದ್ದು ನಿಂತ.

"ವರ್ಷಾ ಅಮಾಸಿ ಮರುದಿನ ಧರ್ಮರಾಯನ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೋತೀರಿ. ಅವಾಗ ಯಾರರೆ ಏನರೆ ಅಂದಾರೇನ್ರಿ?"

ವೈಜಿನಾಥ ಕೊಡ ತೆಗೆದುಕೊಂಡು ನೀರು ತಂದ. ಅವನು ಹೊಯ್ದ, ಅವಳು ತೆಂಗಿನ ನಾರಿನಿಂದ ಮೆಲ್ಲಗೆ ತೊಳೆದಳು. ಕರೀ ಮೈ ಬಂತು, ಬಿಳಿ ಗೆರೆಯೂ ಬಂತು. ಆದರೆ ಗೆರೆಯ ಬುಡದ ತೂತುಗಳಲ್ಲಿ ಸುಣ್ಣ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಪ್ರದರ್ಶನದ ದಿನ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಬೀದರಿಗೆ ಬಂದರು. ಸಮದ ಕಲ್ಲನ್ನು ಪೀಠದ ಮೇಲೆ ಕೂರಿಸಿ ಹಿಂದೆ ಸರಿದು ನೋಡಿದ. "ಅರೆ ಅಕ್ಕಾ, ಮೊದಲಿಗಿಂತ ಚಂದ ಕಾಣ್ತದಲ್ರಿ. ನೀರ ಬಿದ್ದು ನೊರಿ ಎದ್ದಂಗ."

"ನೊರಿ ನಮ್ಮ ಮನಿಯವರದು ಅಣ್ಣಾ. ಅಮಾಸಿ ಸುಣ್ಣ."

"ಇರ್ಲಿ ಬಿಡ್ರಿ. ಚಂದೇ ಅದ."

"ಹಳ್ಳ ಕೊಟ್ಟಿದ್ದಷ್ಟೇ ಇಡೂಣು."

ಸಖುಬಾಯಿ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ತೂತಿನ ಸುಣ್ಣ ಕೆದಕುತ್ತ ಕೂತಳು. ವೈಜಿನಾಥ ಕಲ್ಲನ್ನು ಬೆಳಕಿಗೆ ಹಿಡಿದ. ಒಳಗೆ ಬಂದವರು ಬೇರೆ ಕಲ್ಲು ಬಿಟ್ಟು ಇವರನ್ನೇ ನೋಡತೊಡಗಿದರು. ಅವಳಿಗೆ ಅವಸರವಿರಲಿಲ್ಲ. ಕೊನೆಯ ಸುಣ್ಣದ ಚೂರೂ ಉದುರಿದ ಮೇಲೆ ಪೀಠಕ್ಕೆ ಕೂರಿಸಿ ನೀರು ಚಿಮುಕಿಸಿದಳು. ಹಳ್ಳ ಧುಮುಕಿತು.

ವೈಜಿನಾಥ ಬಗ್ಗಿ ಬಹಳ ಹೊತ್ತು ನೋಡಿದ. "ಏ ಸಖೂ, ಇದು ನಾವು ಕುರಿ ದಾಟಸೂ ಜಾಗಾ ಅಲ್ಲೇನು?"

"ಈಗ ಕಂಡ್ತಲ್ಲ. ಮುಂದಿನ ವರ್ಷ ಬದುವಿನ ಕಲ್ಲೇ ಇಡ್ತೀರಿಲ್ಲ?"

"ಇಡ್ತೇನಿ. ಆದ್ರ ಭೀಮ ಇಷ್ಟ ಚಂದ ಆಗೂದಿಲ್ಲ ನೋಡು."