ಮೊರ ಹಿಡಿದ ಹೆಂಗಸು

“ನಾಳೆ ಬೆಳಗ್ಗೆ ಕ್ರೇನ್ ಬರುತ್ತೆ. ಒಂದಿನ ತಡ್ಕೊ ಕಣೇ,” ಅಂದ ಅಣ್ಣ. ನಾನು ಕೇಳಲಿಲ್ಲ.

ಹುತ್ತೂರಿನ ಹತ್ತಿರ ಅಣ್ಣನಿಗೆ ಎರಡು ಎಕರೆ ಹೊಲ. ರಾಗಿ ಕೊಯ್ಲಾದ ಮೇಲೆ ಪ್ರತಿವರ್ಷ ಹತ್ತು ದಿನ ಅಲ್ಲಿ ಶಿಲ್ಪಗಳ ಪ್ರದರ್ಶನ. ಸುತ್ತಮುತ್ತಲ ಶಿಲ್ಪಿಗಳು ತಮ್ಮ ಕೆಲಸ ತಂದು ಬಯಲಲ್ಲಿ ನಿಲ್ಲಿಸುತ್ತಾರೆ. ಅದುವರೆಗೆ ನಾನು ಬಂದವರಿಗೆ ಟೀ ಕೊಡುವುದು, ಚೀಟಿ ಅಂಟಿಸುವುದು, ಇಷ್ಟೇ ಮಾಡಿಕೊಂಡಿದ್ದೆ. ಆ ವರ್ಷ ಮೊದಲ ಸಲ ನನ್ನದೂ ಒಂದು ಕಲ್ಲಿತ್ತು. ಕೂತು ಮೊರದಲ್ಲಿ ರಾಗಿ ಕೇರುತ್ತಿರುವ ಹೆಂಗಸು. ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟು ಬಂದ ಮೇಲೆ, ದಿನಾ ಸಂಜೆ, ಎಂಟು ತಿಂಗಳು ಕೂತು ಕೆತ್ತಿದ್ದೆ. ಮರುದಿನ ಜನ ಬರುವ ಹೊತ್ತಿಗೆ ಅದು ಸರಪಳಿ ಸುತ್ತಿಕೊಂಡು ಕ್ರೇನಿಗೆ ನೇತಾಡುತ್ತಿರುವುದು ನನಗೆ ಬೇಡವಾಗಿತ್ತು.

ಮಾಲೂರು ಕಡೆಯಿಂದ ಬಂದಿದ್ದ ಮೇಸ್ತ್ರಿಯನ್ನು ಕೇಳಿದೆ. ಅರವತ್ತು ದಾಟಿದವರು, ಜೀವಮಾನವೆಲ್ಲ ಕಲ್ಲು ಎತ್ತಿ ಇಳಿಸಿದವರು. ಅವರು ಹಿಮ್ಮಡಿಯಿಂದ ನೆಲ ಒತ್ತಿ ನೋಡಿದರು.

“ಮೆತ್ತಗೈತೆ ಕಣಮ್ಮಾ. ಪಕ್ಕದ ರೇಷ್ಮೆ ತೋಟಕ್ಕೆ ನೀರು ಬಿಟ್ಟವ್ರೆ.”

“ಹಲಗೆ ಹಾಕಿ ಎತ್ತೋಕಾಗಲ್ವಾ?”

ಅವರು ನನ್ನ ಮುಖ ನೋಡಿದರು. ಆಮೇಲೆ ಹಲಗೆ ತರಿಸಿದರು.

ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಂತಿತು. ಇಬ್ಬರು ಆಳುಗಳು ಚೈನ್ ಪುಲ್ಲಿ ಎಳೆದರು. ಕಲ್ಲು ತಾನು ಕೂರಬೇಕಿದ್ದ ಸೈಜುಗಲ್ಲಿನ ಕಟ್ಟೆಯ ಮೇಲೆ ಒಂದು ಗೇಣು ಎತ್ತರಕ್ಕೆ ಬಂತು. ಕಟ್ಟೆಯ ಒಂದು ಸೈಜುಗಲ್ಲು ಸರಿಮಾಡಲು ಮೇಸ್ತ್ರಿ ಬಲಗೈ ತೂರಿಸಿದರು. ಅಷ್ಟರಲ್ಲಿ ಸ್ಟ್ಯಾಂಡಿನ ಒಂದು ಕಾಲು ಹಲಗೆ ಸಮೇತ ಮಣ್ಣಿಗೆ ಇಳಿಯಿತು. ಕಲ್ಲು ವಾಲಿ ಅವರ ಕೈಮೇಲೆ ಕೂತಿತು.

ಅವರು ಕೂಗಲಿಲ್ಲ. “ಆಗಂಡ್ರಾ,” ಎಂದು ತೆಲುಗಲ್ಲಿ ಆಳುಗಳನ್ನು ನಿಲ್ಲಿಸಿದರು. “ಯಾರೂ ಚೈನ್ ಮುಟ್ಬೇಡಿ. ಎಳೆದ್ರೆ ಕಾಲು ಇನ್ನೂ ಇಳೀತದೆ.”

ಆಳುಗಳು ಸ್ಟ್ಯಾಂಡಿಗೆ ಹೆಗಲು ಕೊಟ್ಟು ನಿಂತರು. ಆದರೂ ಅದು ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಇಳಿಯುತ್ತಿತ್ತು. ಅವರಲ್ಲೊಬ್ಬ ಹೇಳಿದ, “ಗಡಾರಿ ಹಾಕಿ ಮೀಟಿ ಆ ಕಡೆ ಉರುಳಿಸಿದ್ರೆ ಕೈ ಬಿಡ್ತದೆ. ಆದ್ರೆ ಮೊರ ಉಳಿಯಲ್ಲಮ್ಮಾ.”

“ಬೇರೆ ದಾರಿ ಇಲ್ವಾ?”

ಹೌದು, ಹಾಗೆ ಕೇಳಿದವಳು ನಾನೇ. ಮೇಸ್ತ್ರಿಯ ಹಣೆಯಿಂದ ಬೆವರು ಇಳಿಯುತ್ತಿತ್ತು, ನನ್ನ ಕಣ್ಣು ಮೊರದ ತೆಳ್ಳನೆಯ ಅಂಚಿನ ಮೇಲಿತ್ತು. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಓಡಿ ಬಂದ ಅಣ್ಣ ಏನೂ ಕೇಳದೆ ಗಡಾರಿ ತೂರಿಸಿದ. ಆಗ ನಾನೂ ಕೈ ಹಾಕಿದೆ. ಕಲ್ಲು ಉರುಳಿತು. ಮೊರವೂ ಶಿಲ್ಪದ ಎರಡೂ ಮುಂಗೈಗಳೂ ಮುರಿದು ಬಿದ್ದವು. ಮೇಸ್ತ್ರಿ ಕೈ ಎಳೆದುಕೊಂಡು ನೆಲಕ್ಕೆ ಕುಸಿದರು.

ನನ್ನ ವೇಲಿನಲ್ಲಿ ಕೈ ಸುತ್ತಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ಎರಡು ಬೆರಳು ಮುರಿದಿದ್ದವು. ಹೇಗಾಯಿತೆಂದು ಡಾಕ್ಟರು ಕೇಳಿದಾಗ, “ನಾನೇ ನೋಡ್ದೆ ಕೈ ಹಾಕ್ಬಿಟ್ಟೆ,” ಅಂದರು ಮೇಸ್ತ್ರಿ. ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ.

ಮರುದಿನ ಪ್ರದರ್ಶನಕ್ಕೆ ಜನ ಬಂದರು. ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು.

“ನಮ್ಮೋರು ನೋಡ್ದೆ ಕೈ ಹಾಕೋರಲ್ಲ. ಏನಾಯ್ತು, ನೀವು ಹೇಳಿ.”

ಎಲ್ಲ ಹೇಳಿದೆ. ನೆಲ ಮೆತ್ತಗಿದೆ ಎಂದು ಅವರು ಹೇಳಿದರೂ ಎತ್ತಿಸಿದ್ದು, ಬೇರೆ ದಾರಿ ಕೇಳಿದ್ದು, ಡಾಕ್ಟರ ಮುಂದೆ ಬಾಯಿ ಬಿಡದೆ ಇದ್ದದ್ದು. ಆಕೆ ಅಂದರು, “ಇದನ್ನ ಅವ್ರಿಗೇ ಬಂದು ಹೇಳಿ. ಕೈ ಹಳೇದಾಯ್ತು, ಕಣ್ಣು ಹೋಯ್ತು ಅಂತ ತಮ್ಮನ್ನೇ ಬೈಕೊಂತಾವ್ರೆ.”

ಆಕೆಯ ಜೊತೆಯಲ್ಲೇ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಮತ್ತೆ ಎಲ್ಲವನ್ನೂ ಹೇಳಿದೆ. ಬೇರೆ ದಾರಿಯ ಮಾತಿಗೆ ಬಂದಾಗ ಮೇಸ್ತ್ರಿ ಬ್ಯಾಂಡೇಜಿನ ಕೈ ಎತ್ತಿ ತಡೆದರು.

“ಕೇಳುಸ್ತಮ್ಮಾ ನಂಗೆ, ಆಗ್ಲೇ.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಮತ್ತೆ ಅವರೇ ಅಂದರು, “ನೀವು ಎತ್ತು ಅನ್ನಬಾರ್ದಿತ್ತು. ನಾನೂ ಎತ್ತಬಾರ್ದಿತ್ತು.”

ಮುಂದಿನ ವರ್ಷವೂ ಅವರು ಬಂದರು. ಎರಡು ಬೆರಳು ಪೂರ್ತಿ ಮಡಚಲಾಗುತ್ತಿರಲಿಲ್ಲ. ಯಾವ ಕಲ್ಲನ್ನು ಯಾವಾಗ ಎತ್ತಬೇಕೆಂಬುದನ್ನು ಅಣ್ಣ ಅವರಿಗೇ ಬಿಟ್ಟ. ನನ್ನ ಹೊಸ ಕಲ್ಲು ಟೆಂಪೋದಲ್ಲೇ ಇತ್ತು. ಇಳಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಜೆ ಅವರೇ ಬಂದು, ಎಲ್ಲಿ ಇಡೋಣ ಎಂದು ಕೇಳಿದರು.